ಕೆಂಪು ಕಲ್ಲಿನಡಿಯ ತಣ್ಣೀರು: ಬೀದರಿನ ನೌಬಾದ್–ಕೊಳಾರ ಹೊರವಲಯದ ಪೂರ್ವೇತಿಹಾಸ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಸ್ಥಾಪನೆಯನ್ನೂ, ಅದರ ಏಳಿಗೆಗಾಗಿ ದುಡಿದ ಗುರುವರ್ಯರ, ಕನ್ಯಾಸ್ತ್ರೀಯರ ಹಾಗೂ ಭಕ್ತಾದಿಗಳ ಸೇವೆಯನ್ನೂ ಬಲ್ಲವರು ವಿವರವಾಗಿ ಬರೆದಿದ್ದಾರೆ. ಅದನ್ನು ಪುನಃ ಹೇಳುವುದು ನಮ್ಮ ಉದ್ದೇಶವಲ್ಲ. ದೇವಾಲಯವೊಂದು ನೆಲದ ಮೇಲೆ ನಿಲ್ಲುತ್ತದೆ. ಆ ನೆಲಕ್ಕೂ ಒಂದು ಚರಿತ್ರೆಯಿರುತ್ತದೆ. ಅಲ್ಲಿ ಪೂಜೆಗೆ ಕೂಡುವ ಜನರು ಕುಡಿಯುವ ನೀರು, ಅವರ ಮನೆಗೆ ನೆರಳು ಕೊಡುವ ಮರ, ಅವರ ಗೋಡೆಗೆ ಒದಗಿದ ಕಲ್ಲು ಇವೆಲ್ಲವೂ ಅವರಿಗಿಂತ ಎಷ್ಟೋ ಹಿಂದಿನವರ ಬುದ್ಧಿ ಮತ್ತು ಬೆವರಿನ ಫಲ. ಆದ್ದರಿಂದ ಬೀದರ್ ನಗರದ ಹೊರವಲಯವಾದ ನೌಬಾದ್, ಅಲಿಯಾಬಾದ್ ಮತ್ತು ಕೊಳಾರದ ದಿಣ್ಣೆಗಳ ಹಾಗೂ ನಗರದ ಸುತ್ತಣ ಝರಿಗಳ ಕಣಿವೆಗಳ ಕಥೆಯನ್ನು ಈ ಪುಟಗಳಲ್ಲಿ ಸಂಗ್ರಹವಾಗಿ ನಿವೇದಿಸಲು ಬಯಸುತ್ತೇವೆ.

ನೆಲದ ರಚನೆ

ಕರ್ನಾಟಕದ ಭೂಪಟದಲ್ಲಿ ಬೀದರ್ ಜಿಲ್ಲೆಯು ಕಿರೀಟದಂತೆ ತುತ್ತತುದಿಯಲ್ಲಿದೆ ಎಂಬುದು ಶಾಲೆಯ ಮಕ್ಕಳಿಗೂ ತಿಳಿದ ಮಾತು. ಆದರೆ ಈ ನಗರವು ಸಮುದ್ರಮಟ್ಟಕ್ಕಿಂತ 2,000 ಅಡಿಗೂ ಮಿಕ್ಕಿದ ಎತ್ತರದಲ್ಲಿ, ಕೆಂಪು ಕಲ್ಲಿನ ವಿಶಾಲವಾದ ಪೀಠಭೂಮಿಯೊಂದರ ಅಂಚಿನಲ್ಲಿ ಕುಳಿತಿದೆ ಎಂಬುದನ್ನು ಇಲ್ಲಿಯೇ ಹುಟ್ಟಿ ಬೆಳೆದ ನಮ್ಮಲ್ಲಿ ಅನೇಕರು ಗಮನಿಸುವುದಿಲ್ಲ. ಭಾಲ್ಕಿ, ಔರಾದ್ ಕಡೆಯಿಂದ ಬರುವ ಪ್ರಯಾಣಿಕನಿಗೆ ಮಾತ್ರ ಇದು ತಾನಾಗಿ ಕಾಣುತ್ತದೆ. ಕಪ್ಪು ಎರೆಭೂಮಿಯ ತೊಗರಿ, ಜೋಳದ ಹೊಲಗಳು ಹಿಂದೆ ಸರಿದಂತೆ ಹಾದಿಯು ಮೇಲೇರುತ್ತದೆ, ಮಣ್ಣು ಕೆಂಪಾಗುತ್ತದೆ, ಗಾಳಿ ತುಸು ತಂಪಾಗುತ್ತದೆ, ಹುಣಸೆ, ಬೇವು, ಸೀತಾಫಲದ ಗಿಡಗಳು ಹಾದಿಯ ಎರಡೂ ಬದಿಗೆ ಕಾಣಿಸಿಕೊಳ್ಳುತ್ತವೆ.

ಈ ಕೆಂಪು ಕಲ್ಲನ್ನು ಕನ್ನಡದಲ್ಲಿ ಜಂಬಿಟ್ಟಿಗೆ ಎನ್ನುತ್ತಾರೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿಯು ಕೇರಳದಲ್ಲಿ ಕಂಡ ಇಂಥದೇ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನಿತ್ತನು. ಅದರ ಮೂಲವಾದ ಲ್ಯಾಟಿನ್ ಪದಕ್ಕೂ ಇಟ್ಟಿಗೆ ಎಂದೇ ಅರ್ಥ. ನಮ್ಮ ಹಿರಿಯರೂ ದೂರದ ವಿದ್ವಾಂಸನೂ ಪರಸ್ಪರ ಕೇಳದೆಯೇ ಒಂದೇ ಹೆಸರನ್ನು ಕಂಡುಕೊಂಡದ್ದು ಸೋಜಿಗವೇ ಸರಿ. ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಆದ್ದರಿಂದಲೇ ಬೀದರ್ ಕೋಟೆಯ ಸುತ್ತ ಮೂರು ಸಾಲಿನ ಕಂದಕವನ್ನು ಇಡೀ ಬಂಡೆಯಲ್ಲಿಯೇ ಕೊರೆದು ತೆಗೆಯುವುದು ಅಂದಿನ ಕಲ್ಲುಕುಟಿಗರಿಗೆ ಸಾಧ್ಯವಾಯಿತು.

ಈ ಕಲ್ಲಿಗೆ ಇನ್ನೊಂದು ಗುಣವುಂಟು. ಅದು ಜೇನುಹುಟ್ಟಿನಂತೆ ರಂಧ್ರಮಯವಾದುದು. ಮಳೆಯ ನೀರು ಅದರ ಮೇಲೆ ಬಿದ್ದಾಗ ಬಹುಭಾಗ ಒಳಗಿಳಿಯುತ್ತದೆ. ಕೆಳಗೆ ಜೇಡಿಯ ಪದರವೂ, ಅದಕ್ಕೂ ಕೆಳಗೆ ದಖ್ಖಣದ ಗಟ್ಟಿಯಾದ ಕಪ್ಪು ಬಂಡೆಯೂ ಇರುವುದರಿಂದ ನೀರು ಇನ್ನೂ ಆಳಕ್ಕೆ ಇಳಿಯಲಾರದೆ ಅಡ್ಡವಾಗಿ ಹರಿದು, ಪೀಠಭೂಮಿಯ ಅಂಚು ಕಣಿವೆಗೆ ಇಳಿಯುವ ಎಡೆಯಲ್ಲಿ ಝರಿಯಾಗಿ ಹೊರಹೊಮ್ಮುತ್ತದೆ. ಮೇಲೆ ನೋಡಿದರೆ ಒಣನೆಲ, ಅಂಚಿಗೆ ಇಳಿದರೆ ಹಸುರು. ಬೀದರಿನ ಸುತ್ತಮುತ್ತಲಿನ ತೋಪು, ಕುಂಡ, ಗುಡಿ, ದರ್ಗಾ, ಗುರುದ್ವಾರಗಳ ನೆಲೆಯನ್ನು ತಿಳಿಯಲು ಇದೊಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ರಾಜಧಾನಿಯ ನೀರು

1422ರಿಂದ 1436ರವರೆಗೆ ಆಳಿದ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯು ತನ್ನ ರಾಜಧಾನಿಯನ್ನು ಗುಲ್ಬರ್ಗಾದಿಂದ ಬೀದರಿಗೆ ವರ್ಗಾಯಿಸಿದನು. ಎತ್ತರದ ನೆಲೆ, ಒಳ್ಳೆಯ ಹವೆ, ರಕ್ಷಣೆಗೆ ಅನುಕೂಲವಾದ ಕಡಿದಾದ ಅಂಚು ಇವೆಲ್ಲ ಅವನ ಮನಸ್ಸನ್ನು ಸೆಳೆದಿರಬೇಕು. ಆದರೆ ರಾಜಧಾನಿಯೆಂದ ಮೇಲೆ ಸೈನ್ಯ, ಕುದುರೆ, ಆನೆ, ವ್ಯಾಪಾರಿಗಳು, ಕುಶಲಕರ್ಮಿಗಳು ಎಲ್ಲರಿಗೂ ನೀರು ಬೇಕು. ಬಂಡೆಯ ನೆತ್ತಿಯ ಮೇಲೆ ಅಷ್ಟು ಜನರಿಗೆ ನೀರುಣಿಸುವುದು ಸಾಮಾನ್ಯದ ಕೆಲಸವಲ್ಲ.

ಬಹಮನಿಗಳ ಆಸ್ಥಾನಕ್ಕೆ ಪರ್ಷಿಯಾ ದೇಶದ ನಂಟು ಗಾಢವಾಗಿತ್ತು. ಅಲ್ಲಿಂದ ಸಂತರು ಬಂದರು, ಕವಿಗಳು ಬಂದರು, ಗಿಲಾನ್ ಪ್ರಾಂತದ ಮಹಮೂದ್ ಗವಾನನೂ ಬಂದು ಮುಂದೆ ಪ್ರಧಾನಮಂತ್ರಿಯಾಗಿ, 1472ರಲ್ಲಿ ತನ್ನ ಹೆಸರಿನ ಮದರಸಾವನ್ನು ಕಟ್ಟಿಸಿದನು. ಆ ನಂಟಿನೊಡನೆ ಆ ದೇಶದ ಇನ್ನೊಂದು ವಿದ್ಯೆಯೂ ಬಂತು. ಪರ್ಷಿಯಾದ ಮರುಭೂಮಿಯಲ್ಲಿ ಬೆಟ್ಟದ ಬುಡದ ನೀರನ್ನು ನೆಲದೊಳಗಿನ ಸುರಂಗದಲ್ಲಿ ಮೈಲುಗಟ್ಟಲೆ ದೂರ ಹರಿಸಿ ಊರಿಗೆ ತರುವ ಪದ್ಧತಿ ಬಹು ಪುರಾತನವಾದುದು. ಅದನ್ನು ಕಾನಾತ್ ಎಂದೂ ಕರೇಜ್ ಎಂದೂ ಕರೆಯುತ್ತಾರೆ. ಬೀದರಿನ ಜನರು ಅದಕ್ಕೆ ಇಟ್ಟ ಸರಳವಾದ ಹೆಸರು ಸುರಂಗ ಬಾವಿ.

ಇದರ ಕೆಲಸ ಹೀಗೆ. ಮೊದಲು ನೀರಿನ ಸೆಲೆಯಿರುವ ಎತ್ತರದ ತಾಣದಲ್ಲಿ ತಾಯಿಬಾವಿಯನ್ನು ತೋಡುತ್ತಾರೆ. ಅಲ್ಲಿಂದ ತಗ್ಗಿನ ಕಡೆಗೆ, ಕಣ್ಣಿಗೆ ತೋರದಷ್ಟು ಅಲ್ಪವಾದ ಇಳಿಜಾರಿನಲ್ಲಿ, ಬಂಡೆಯೊಳಗೆ ಸುರಂಗವನ್ನು ಕೊರೆಯುತ್ತ ಹೋಗುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಸುರಂಗವನ್ನು ಕೊರೆದು ಕೆಡಿಸುತ್ತದೆ. ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಕೆಲಸಗಾರರಿಗೆ ಗಾಳಿ ಬೆಳಕು ದೊರೆಯಲೆಂದೂ, ಕಡಿದ ಕಲ್ಲುಮಣ್ಣನ್ನು ಮೇಲೆತ್ತಲೆಂದೂ ದಾರಿಯುದ್ದಕ್ಕೂ ಅಲ್ಲಲ್ಲಿ ನೇರವಾದ ಕಂಡಿಬಾವಿಗಳನ್ನು ಬಿಡುತ್ತಾರೆ. ಮುಂದೆ ಹೂಳೆತ್ತುವುದಕ್ಕೂ ಇವೇ ಬಾಗಿಲುಗಳು. ಹೀಗೆ ಹರಿದು ಬಂದ ನೀರು ತಗ್ಗಿನಲ್ಲಿ ತಾನಾಗಿಯೇ ನೆಲದ ಮೇಲೆ ಕಾಣಿಸಿಕೊಳ್ಳುತ್ತದೆ. ಎತ್ತು ಬೇಡ, ಏತ ಬೇಡ; ಬಿಸಿಲಿಗೆ ಆವಿಯಾಗುವ ಭಯವಿಲ್ಲ.

ಬೀದರಿನಲ್ಲಿ ಇಂತಹ ವ್ಯವಸ್ಥೆ ಒಂದಕ್ಕಿಂತ ಹೆಚ್ಚು. ಶುಕ್ಲ ತೀರ್ಥ, ಜಮುನಾ ಮೋರಿ ಎಂಬ ಹೆಸರುಗಳನ್ನು ಹಳೆಯ ಬೀದರಿನ ನಿವಾಸಿಗಳು ಕೇಳಿರಬಹುದು. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ನೌಬಾದಿನದು. ನೌಬಾದ್ ಎಂದರೆ ಪರ್ಷಿಯನ್ ಭಾಷೆಯಲ್ಲಿ ಹೊಸ ಊರು ಎಂದರ್ಥ. ಎರಡು ಕಿಲೋಮೀಟರಿಗೂ ಮಿಕ್ಕಿದ ಈ ಸುರಂಗವು ಇಪ್ಪತ್ತಕ್ಕೂ ಹೆಚ್ಚು ಕಂಡಿಬಾವಿಗಳನ್ನು ಪೋಣಿಸಿಕೊಂಡು ಅಲಿಯಾಬಾದಿನ ಕಡೆಗೆ ಸಾಗುತ್ತದೆ. ಅದನ್ನು ಅಳೆದವರ ಹೆಸರಾಗಲಿ, ಕತ್ತಲಲ್ಲಿ ಮೊಣಕಾಲೂರಿ ಉಳಿ ಹಿಡಿದು ಕೊರೆದವರ ಹೆಸರಾಗಲಿ ಯಾವ ಶಾಸನದಲ್ಲಿಯೂ ನಮಗೆ ಕಾಣಸಿಗುವುದಿಲ್ಲ. ಅರಮನೆಯನ್ನು ಕಟ್ಟಿಸಿದವರ ಹೆಸರುಗಳು ಮಾತ್ರ ಉಳಿದಿವೆ. ಆದರೂ ಅರಮನೆಗಳು ಪಾಳುಬಿದ್ದ ಮೇಲೆಯೂ ಉಪಯೋಗಕ್ಕೆ ಬಂದದ್ದು ಅನಾಮಿಕರ ಆ ಕೆಲಸವೇ.

ದೂರದಿಂದ ಬಂದ ಕ್ರೈಸ್ತನೊಬ್ಬ

ನೀರು ನೆರಳುಗಳಿಂದ ಸಮೃದ್ಧವಾದ ಈ ರಾಜಧಾನಿಯ ಕೀರ್ತಿ ದೇಶಾಂತರಗಳಿಗೆ ಹಬ್ಬಿತ್ತು. ಅದನ್ನು ಕೇಳಿ ಬಂದವರಲ್ಲಿ ಒಬ್ಬನು ನಮ್ಮ ಓದುಗರಿಗೆ ವಿಶೇಷವಾಗಿ ಪರಿಚಯವಾಗತಕ್ಕವನು. ಅವನು ರಷ್ಯಾ ದೇಶದ ಟ್ವೆರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್. ವೋಲ್ಗಾ ನದಿಯ ಹಾದಿಯಲ್ಲಿ ದರೋಡೆಗೆ ಸಿಕ್ಕಿ ಸರಕನ್ನೂ ತನ್ನ ಧಾರ್ಮಿಕ ಪುಸ್ತಕಗಳನ್ನೂ ಕಳೆದುಕೊಂಡ ಆತನು ಪರ್ಷಿಯಾವನ್ನು ದಾಟಿ, ಸಮುದ್ರಮಾರ್ಗವಾಗಿ ಕೊಂಕಣ ತೀರದ ಚೌಲ್ ಬಂದರಿಗೆ ಬಂದು, ಅಲ್ಲಿಂದ ಜುನ್ನರದ ಮೇಲೆ ಬೀದರನ್ನು ತಲುಪಿದನು. ಆಗ ಮೂರನೆಯ ಮುಹಮ್ಮದ್ ಷಾನ ಆಳ್ವಿಕೆ. ಮಹಮೂದ್ ಗವಾನನ ಮಂತ್ರಿತ್ವ. ತಾನು ತಂದಿದ್ದ ಒಂದು ಕುದುರೆಯನ್ನು ನಿಕಿತಿನ್ ಬೀದರಿನಲ್ಲಿ ಮಾರಿದನು. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬರುವುದಕ್ಕೆ ಕಾಲು ಶತಮಾನಕ್ಕೂ ಹಿಂದಿನ ಮಾತಿದು.

ನಿಕಿತಿನ್ ಬರೆದಿಟ್ಟ ಪ್ರವಾಸಕಥನದಲ್ಲಿ ಸುಲ್ತಾನನ ಮೆರವಣಿಗೆಯ ವೈಭವವಿದೆ. ಶ್ರೀಮಂತರ ಭೋಗವನ್ನೂ ಹಳ್ಳಿಗಾಡಿನ ಬಡವರ ದೈನ್ಯವನ್ನೂ ಅಕ್ಕಪಕ್ಕದಲ್ಲಿಟ್ಟು ಕಂಡ ಕಣ್ಣಿದೆ. ಇದಕ್ಕಿಂತಲೂ ಹೃದಯಸ್ಪರ್ಶಿಯಾದುದು ಅವನ ಒಂಟಿತನ. ಪುಸ್ತಕಗಳು ಹೋದದ್ದರಿಂದ ತಪಸ್ಸುಕಾಲ ಯಾವಾಗ, ಪಾಸ್ಕ ಹಬ್ಬ ಯಾವ ದಿನ ಎಂಬುದೇ ಅವನಿಗೆ ತಿಳಿಯದಾಯಿತು. ಅಂದಾಜಿನಿಂದಲೇ ಉಪವಾಸವಿದ್ದು, ಅಂದಾಜಿನಿಂದಲೇ ಹಬ್ಬವನ್ನು ನೆನೆದು, ತನ್ನ ವಿಶ್ವಾಸ ಕೈಜಾರುತ್ತಿದೆಯೋ ಎಂದು ದುಃಖಿಸಿದ್ದಾನೆ. ತಾನು ಕ್ರೈಸ್ತನೆಂಬುದನ್ನು ಅವನು ಇಲ್ಲಿನ ಹಿಂದೂಗಳಿಗೆ ತಿಳಿಸಿದ ಮೇಲೆ ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲವಂತೆ. ಅವನು ತನ್ನೂರಿಗೆ ಹಿಂತಿರುಗುವ ಹಾದಿಯಲ್ಲಿಯೇ ಮರಣ ಹೊಂದಿದನು. ಅವನು ನಮ್ಮ ಲ್ಯಾಟಿನ್ ಸಂಪ್ರದಾಯದವನಲ್ಲ, ಪೌರಸ್ತ್ಯ ಸಭೆಯವನು. ಆದರೂ ಐದೂವರೆ ಶತಮಾನಗಳ ಹಿಂದೆ ಈ ಕೆಂಪು ನೆಲದ ಮೇಲೆ ಒಬ್ಬನೇ ಕುಳಿತು ಪಾಸ್ಕದ ದಿನವನ್ನು ಲೆಕ್ಕಹಾಕಿದ ಆ ಕ್ರೈಸ್ತನ ನೆನಪು, ಹಬ್ಬದ ಗಂಟೆಯನ್ನು ಕೇಳಿ ಕುಟುಂಬಸಮೇತರಾಗಿ ಪೂಜೆಗೆ ಹೊರಡುವ ಇಂದಿನವರ ಮನಸ್ಸನ್ನು ಮುಟ್ಟದೆ ಇರದು.

ಝರಿಗಳ ನೆರೆಹೊರೆ

ಪೀಠಭೂಮಿಯ ಅಂಚಿನ ಗುಣವನ್ನು ತಿಳಿಯಬೇಕಾದರೆ ಅದರ ಝರಿಗಳನ್ನು ಒಂದು ಸುತ್ತು ನೋಡಿಬರಬೇಕು. ಉದಗೀರ ರಸ್ತೆಯ ಕಡೆಯ ಕಣಿವೆಯಲ್ಲಿ ಪಾಪನಾಶದ ಶಿವಾಲಯವೂ ಅದರ ಮುಂದಿನ ಕುಂಡವೂ ಇವೆ. ಶ್ರೀರಾಮನು ಪ್ರತಿಷ್ಠಾಪಿಸಿದ ಲಿಂಗವೆಂಬ ಐತಿಹ್ಯ ಜನರಲ್ಲಿದೆ. ನರಸಿಂಹ ಝರಣಿಯಲ್ಲಿ ಭಕ್ತರು ಬಂಡೆಯೊಳಗಿನ ಕತ್ತಲ ಸುರಂಗದಲ್ಲಿ ಎದೆಯುದ್ದದ ನೀರನ್ನು ಹಾದು ದೇವರ ದರ್ಶನವನ್ನು ಪಡೆಯುವ ಪದ್ಧತಿಯಿದೆ. ಅದೇ ಸುತ್ತಿನಲ್ಲಿ ಮೊಗಲರ ಕಾಲದ ಫರಾ ಬಾಗ್ ಎಂಬ ಉದ್ಯಾನದ ಮಸೀದಿಯುಂಟು.

ಗುರುನಾನಕ್ ಝೀರಾದ ಕಥೆಯು ಎಲ್ಲರಿಗೂ ತಿಳಿದುದೇ. ಹದಿನಾರನೆಯ ಶತಮಾನದ ಆದಿಯಲ್ಲಿ ಗುರುನಾನಕರು ಬೀದರಿಗೆ ಬಂದಾಗ, ಕುಡಿಯುವ ಸಿಹಿನೀರಿಲ್ಲದೆ ಜನರು ಪರಿತಪಿಸುತ್ತಿದ್ದರೆಂದೂ, ಗುರುಗಳು ತಮ್ಮ ಪಾದದಿಂದ ಕಲ್ಲನ್ನು ಸರಿಸಲು ಸಿಹಿನೀರಿನ ಸೆಲೆಯು ಉಕ್ಕಿತೆಂದೂ ಸಿಖ್ಖರು ನಂಬುತ್ತಾರೆ. ಆ ನೀರು ಇಂದಿಗೂ ಯಾತ್ರಿಕರಿಗೆ ದೊರೆಯುತ್ತದೆ. ಅಲ್ಲಿನ ಲಂಗರಿನಲ್ಲಿ ಜಾತಿಮತ ಕೇಳದೆ ಊಟವಿಕ್ಕುತ್ತಾರೆ. 1699ರಲ್ಲಿ ಗುರು ಗೋಬಿಂದಸಿಂಗರು ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನವರೇ. ಇನ್ನು ಪೀಠಭೂಮಿಯ ಕೆಳಗಣ ಅಷ್ಟೂರಿನಲ್ಲಿ ಅಹ್ಮದ್ ಷಾ ವಲಿಯ ಸಮಾಧಿಯಿದೆ. ಅವನ ಉರುಸಿಗೆ ಮುಸಲ್ಮಾನರಂತೆಯೇ ಲಿಂಗಾಯತರೂ ಸೇರುತ್ತಾರೆ. ಅವನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುವವರುಂಟು.

ಇಷ್ಟೊಂದು ಮತಗಳ ಜನರು ಇಷ್ಟು ಕಿರಿದಾದ ಸುತ್ತಳತೆಯಲ್ಲಿ ನೆಲೆ ಕಂಡುಕೊಂಡದ್ದು ಹೇಗೆ ಎಂದು ನಾವು ಯೋಚಿಸಿದರೆ, ಉತ್ತರವು ಬಹುಮಟ್ಟಿಗೆ ಈ ನೆಲದಲ್ಲಿಯೇ ಇದೆ. ಮೇಲ್ಭಾಗದಲ್ಲಿ ಎಲ್ಲರಿಗೂ ಸಮಾನವಾಗಿ ಬಿದ್ದ ಮಳೆಯು ಕೆಳಗೆ ಒಬ್ಬೊಬ್ಬರ ಅಂಗಳದಲ್ಲಿ ಒಂದೊಂದು ಹೆಸರಿನಿಂದ ಹೊರಬರುತ್ತದೆ. ತೀರ್ಥವೆಂದರೂ ಝೀರಾ ಎಂದರೂ ನೀರಿನ ಮೂಲ ಒಂದೇ ಕಲ್ಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನವರು ಬೀದರಿಗೆ ಬಂದಾಗಲೂ, ಅವರ ಮಂಗಲಪೇಟೆಯು ಈ ನೆರೆಹೊರೆಯಲ್ಲಿಯೇ ಬೆಳೆಯಿತು. 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತವು ರಚಿತವಾದಾಗ ಬೀದರ್ ಜಿಲ್ಲೆಯ ಕಥೋಲಿಕರು ಅದರೊಳಗೆ ಸೇರಿದರು.

ಇಳಿಗಾಲ ಮತ್ತು ಬೆಳವಣಿಗೆ

ಬಹಮನಿಗಳ ತರುವಾಯ ಬರೀದ್ ಷಾಹಿಗಳು 1619ರವರೆಗೆ ಆಳಿದರು. ಸುತ್ತಲೂ ತೋಟವನ್ನಿಟ್ಟು ನಾಲ್ಕು ಕಡೆಗೂ ಗಾಳಿ ಬೆಳಕಿಗೆ ತೆರೆದಿರುವ ಅಲಿ ಬರೀದನ ಸಮಾಧಿಯು ಅವರ ಉದ್ಯಾನಪ್ರೇಮಕ್ಕೆ ಸಾಕ್ಷಿ. ಆಮೇಲೆ ಬಿಜಾಪುರದವರು, ಹದಿನೇಳನೆಯ ಶತಮಾನದ ಮಧ್ಯದಲ್ಲಿ ಔರಂಗಜೇಬನ ಮೊಗಲ್ ಸೈನ್ಯ, 1724ರಿಂದ ಹೈದರಾಬಾದಿನ ಆಸಫ್ ಜಾಹಿಗಳು ಹೀಗೆ ಅಧಿಕಾರವು ಕೈಬದಲಾಯಿಸುತ್ತ ಹೋಯಿತು. ರಾಜಧಾನಿಯ ಪಟ್ಟ ತಪ್ಪಿದ ಬೀದರ್ ಸಣ್ಣ ಪಟ್ಟಣವಾಯಿತು. ಸುರಂಗಗಳ ಹೂಳೆತ್ತುವವರಿಲ್ಲದೆ ಅವು ನಿಧಾನವಾಗಿ ಮರೆಗೆ ಸರಿದವು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಕೊನೆಗೊಂಡಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತರಚನೆಯಾದಾಗ ಬೀದರ್ ಕನ್ನಡ ನಾಡಿನೊಂದಿಗೆ ಒಂದಾಯಿತು.

ಆಮೇಲಿನ ದಶಕಗಳಲ್ಲಿ ನಗರವು ಕೋಟೆ ಗೋಡೆಯನ್ನು ದಾಟಿ ಹೊರಗೆ ಹರಡಿತು. ವಾಯುಸೇನೆಯ ತರಬೇತಿ ನೆಲೆ, ಕಾಲೇಜುಗಳು, 2004ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇವೆಲ್ಲ ಸುತ್ತಣ ದಿಣ್ಣೆಗಳಿಗೆ ಹೊಸ ಜನರನ್ನು ತಂದವು. ಹುಮನಾಬಾದ್ ರಸ್ತೆಯಲ್ಲಿ ನೌಬಾದನ್ನು ದಾಟಿ ಮುಂದೆ ಕೊಳಾರದಲ್ಲಿ ಕೈಗಾರಿಕಾ ಪ್ರದೇಶವು ತಲೆಯೆತ್ತಿತು. ಎರೆಭೂಮಿಯ ಮಳೆಯನ್ನೇ ನಂಬಿದ್ದ ಭಾಲ್ಕಿ, ಔರಾದ್ ತಾಲೂಕುಗಳ ಎಷ್ಟೋ ತರುಣರಿಗೆ ತಿಂಗಳ ಸಂಬಳದ ಆಸರೆ ದೊರೆತದ್ದು ಇಂಥ ಎಡೆಗಳಲ್ಲಿಯೇ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರು ಅಂಗಳದಲ್ಲಿ ಬೇವು, ಮಾವು, ಪೇರಲ, ಮಲ್ಲಿಗೆಗಳನ್ನು ಬೆಳೆಸಿದರು. ಬೇಸಿಗೆಯ ಸಂಜೆ ಈ ದಿಣ್ಣೆಗಳ ಮೇಲೆ ಬೀಸುವ ಗಾಳಿಯ ಸುಖವನ್ನು ಕಂಡವರೇ ಬಲ್ಲರು.

ಮುಚ್ಚಿಹೋಗುವ ಬಾವಿಗಳು

ಆದರೆ ಬೆಳವಣಿಗೆಗೆ ತೆರಬೇಕಾದ ಬೆಲೆಯೂ ಉಂಟು. ರಂಧ್ರಮಯವಾದ ಕೆಂಪು ನೆಲವು ಕಾಂಕ್ರೀಟಿನಡಿ ಮುಚ್ಚಿದಷ್ಟೂ ಮಳೆನೀರು ಒಳಗಿಳಿಯದೆ ಚರಂಡಿಯ ಪಾಲಾಗುತ್ತದೆ. ಮನೆಗೊಂದರಂತೆ ಕೊರೆದ ಕೊಳವೆಬಾವಿಗಳು ನೂರಾರು ಅಡಿಯಾಳದಿಂದ ನೀರೆಳೆಯುತ್ತವೆ. ಯಾವ ಕಲ್ಲು ಮಳೆಯನ್ನು ಸುಲಭವಾಗಿ ಹೀರಿಕೊಳ್ಳುತ್ತದೆಯೋ ಅದೇ ಕಲ್ಲು ಕೊಳಕನ್ನೂ ಅಷ್ಟೇ ಸುಲಭವಾಗಿ ಒಳಗಿಳಿಸುತ್ತದೆ. ಮನೆಯ ಕಸವಾಗಲಿ ಕೈಗಾರಿಕೆಯ ತ್ಯಾಜ್ಯವಾಗಲಿ ಮೇಲೆ ಚೆಲ್ಲಿದ್ದು ಕೆಳಗಿನ ಸೆಲೆಯನ್ನು ತಲುಪದಿರದು. ಕಂಡಿಬಾವಿಗಳ ಗತಿಯಂತೂ ಇನ್ನೂ ಶೋಚನೀಯ. ಅವು ಏನೆಂದು ತಿಳಿಯದ ಜನರಿಗೆ ಅವು ಹಾಳು ಗುಂಡಿಗಳು. ನಿವೇಶನ ಸಮಮಾಡಲು ಮಣ್ಣು ಸುರಿದರೆ ಒಂದು ದಿನದಲ್ಲಿ ಮುಚ್ಚಿಹೋಗುತ್ತವೆ. ಸರಪಳಿಯ ಒಂದು ಕೊಂಡಿ ಕಳಚಿದರೆ ಇಡೀ ಸರಪಳಿ ನಿರುಪಯೋಗಿ.

ಸಂತೋಷದ ಸಂಗತಿಯೆಂದರೆ, ಈಚಿನ ವರ್ಷಗಳಲ್ಲಿ ಈ ಕಡೆಗೆ ಜನರ ಗಮನ ಹರಿದಿದೆ. ಭೂಗೋಳ ಪ್ರಾಧ್ಯಾಪಕರಾದ ವಿ. ಗೋವಿಂದನ್‌ಕುಟ್ಟಿಯವರು ನೌಬಾದಿನ ಸುರಂಗದ ಜಾಡನ್ನು ಹಿಡಿದು ನಕ್ಷೆಮಾಡಿದರು. 2014ರಲ್ಲಿ ವಿಶ್ವ ಸ್ಮಾರಕ ನಿಧಿಯು ತನ್ನ ಗಮನಾರ್ಹ ತಾಣಗಳ ಪಟ್ಟಿಯಲ್ಲಿ ಬೀದರ್ ಐತಿಹಾಸಿಕ ನಗರವನ್ನು ಸೇರಿಸಿತು. ಜಿಲ್ಲಾಧಿಕಾರಿಗಳಾಗಿದ್ದ ದಿವಂಗತ ಅನುರಾಗ್ ತಿವಾರಿಯವರ ಕಾಲದಲ್ಲಿ ಹಳೆಯ ಬಾವಿ, ಕೆರೆ ಹಾಗೂ ಸುರಂಗ ಬಾವಿಯ ಹೂಳೆತ್ತುವ ಕೆಲಸ ನಡೆಯಿತು. ಅದು ಭೀಕರ ಬರದ ಕಾಲ. 2016ರ ಬೇಸಿಗೆಯಲ್ಲಿ ನೆರೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತೆಂಬುದನ್ನು ಈ ಸೀಮೆಯವರು ಮರೆತಿರಲಾರರು. ಅಂತಹ ದಿನಗಳಲ್ಲಿ ಐದು ಶತಮಾನಗಳ ಹಿಂದಿನ ಸುರಂಗದ ಹೂಳು ತೆಗೆದಾಗ ನೀರು ಕಂಡುಬಂದದ್ದು ಎಲ್ಲರಿಗೂ ಒಂದು ಪಾಠವಾಯಿತು. ಆದರೆ ಹೂಳು ಒಮ್ಮೆ ತೆಗೆದರೆ ಮುಗಿಯುವ ಕೆಲಸವಲ್ಲ. ಪರ್ಷಿಯಾದಲ್ಲಿ ಇದಕ್ಕೆಂದೇ ತಲೆತಲಾಂತರದ ಕಸುಬುದಾರರಿದ್ದರು. ನಮ್ಮಲ್ಲಿ ಆ ಜವಾಬ್ದಾರಿಯನ್ನು ನೆರೆಹೊರೆಯೇ ಹೊರಬೇಕಾಗಿದೆ.

ನಮ್ಮ ಪಾಲಿನ ಕೆಲಸ

ಪವಿತ್ರ ಬೈಬಲ್ಲಿನ ಆದಿಕಾಂಡದಲ್ಲಿ ಒಂದು ಪ್ರಸಂಗವಿದೆ. ಅಬ್ರಹಾಮನ ಕಾಲದಲ್ಲಿ ತೋಡಿದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ತುಂಬಿ ಮುಚ್ಚಿದ್ದರು. ಮಗನಾದ ಇಸಾಕನು ಅವುಗಳನ್ನು ಪುನಃ ತೋಡಿಸಿ, ತಂದೆ ಇಟ್ಟಿದ್ದ ಹೆಸರುಗಳನ್ನೇ ಅವುಗಳಿಗೆ ಇಟ್ಟನು. ನೀರಿಗಾಗಿ ಜಗಳ ಬಂದಾಗ ಅವನು ಆ ಬಾವಿಯನ್ನು ಬಿಟ್ಟು ಮುಂದೆ ಹೋಗಿ ಇನ್ನೊಂದನ್ನು ತೋಡಿಸಿದನು. ಜಗಳವಿಲ್ಲದ ಬಾವಿ ದೊರೆಯುವ ತನಕ ಹಾಗೆಯೇ ಮಾಡಿದನು. ಪಿತೃಗಳ ಬಾವಿಯನ್ನು ಪುನಃ ತೆರೆಯುವುದು ಧರ್ಮಗ್ರಂಥವು ಉಲ್ಲೇಖಿಸಲು ತಕ್ಕ ಕಾರ್ಯವಾಗಿದ್ದರೆ, ಬೀದರಿನಲ್ಲಿ ಅದು ಸಣ್ಣ ಕೆಲಸವೆನಿಸಲಾರದು. 2015ರಲ್ಲಿ ಅಂದಿನ ಪೋಪ್ ಫ್ರಾನ್ಸಿಸರು ತಮ್ಮ ವಿಶ್ವಪತ್ರದಲ್ಲಿ ಈ ಭೂಮಿಯನ್ನು ಎಲ್ಲರ ಮನೆಯೆಂದು ಕರೆದು, ಕುಡಿಯುವ ನೀರು ಪ್ರತಿಯೊಬ್ಬ ಮನುಷ್ಯನ ಹಕ್ಕೆಂದು ಸಾರಿದ್ದನ್ನೂ ಇಲ್ಲಿ ಸ್ಮರಿಸಬಹುದು.

ಶತಮಾನೋತ್ಸವದಲ್ಲಿ ಹೊಸ ಕಟ್ಟಡ, ಹೊಸ ಗಂಟೆಗೋಪುರಗಳ ಯೋಜನೆ ಸಹಜ. ಅವುಗಳೊಡನೆ ಕೆಲವು ಸಾಮಾನ್ಯ ಕೆಲಸಗಳನ್ನೂ ಕೈಗೊಳ್ಳಬಹುದೆಂದು ನಾವು ವಿನಂತಿಸುತ್ತೇವೆ. ಮನೆ ಕಟ್ಟುವವರು ಮಾಳಿಗೆಯ ಮಳೆನೀರನ್ನು ಅಂಗಳದ ಇಂಗುಗುಂಡಿಗೆ ಬಿಡಲಿ. ಅಂಗಳವನ್ನೆಲ್ಲ ಕಲ್ಲುಹಾಸಿನಿಂದ ಮುಚ್ಚದೆ ಒಂದಿಷ್ಟು ಮಣ್ಣನ್ನು ಮಳೆಗೆ ತೆರೆದಿಡಲಿ. ನಿವೇಶನವನ್ನು ಕೊಳ್ಳುವ ಮೊದಲು ಅಲ್ಲೊಂದು ಹಳೆಯ ಕಂಡಿಬಾವಿ ಇದೆಯೋ ಎಂದು ವಿಚಾರಿಸಲಿ. ಇದ್ದರೆ ಕಟ್ಟೆ ಕಟ್ಟಿ, ಜಾಲರಿ ಹಾಕಿ ಕಾಪಾಡಲಿ. ಧರ್ಮೋಪದೇಶದ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ನೌಬಾದಿನಿಂದ ಅಲಿಯಾಬಾದಿನವರೆಗೆ ನಡೆಸಿಕೊಂಡು ಹೋಗಿ, ತಮ್ಮ ಕಾಲಡಿಯಲ್ಲಿ ಏನಿದೆಯೆಂಬುದನ್ನು ತೋರಿಸಲಿ. ಈ ಕೆಲಸಗಳಿಗೆ ಪಕ್ಕದ ಮನೆಯವರ ಜಾತಿಮತವನ್ನು ಕೇಳಬೇಕಾಗಿಲ್ಲ. ಸುರಂಗವು ಎಲ್ಲರ ಹಿತ್ತಲ ಕೆಳಗೂ ಹಾದುಹೋಗುತ್ತದೆ.

ನೂರು ವರ್ಷಗಳು ಒಂದು ಧರ್ಮಕೇಂದ್ರಕ್ಕೆ ಹೆಮ್ಮೆಯ ಅವಧಿ. ಈ ಕಲ್ಲಿಗೆ ಅದು ಕ್ಷಣಮಾತ್ರ. ಹೆಸರಿಲ್ಲದ ಕಲ್ಲುಕುಟಿಗರು ತಾವು ಕಾಣದ ಪೀಳಿಗೆಗಳಿಗಾಗಿ ಕತ್ತಲಲ್ಲಿ ಕೊರೆದ ಹಾದಿಯಲ್ಲಿ ನೀರು ಹರಿಯುತ್ತಿರಲಿ. ಮುಂದಿನ ಶತಮಾನದಲ್ಲಿ ಇಂತಹುದೇ ಒಂದು ಸಂಚಿಕೆಗೆ ಲೇಖನ ಬರೆಯುವವರು ನೌಬಾದಿನ ತಣ್ಣೀರನ್ನು ಕುಡಿದು ಲೇಖನಿಯನ್ನು ಎತ್ತಿಕೊಳ್ಳುವಂತಾಗಲಿ ಎಂದು ಸರ್ವಶಕ್ತನಾದ ದೇವರಲ್ಲಿ ಪ್ರಾರ್ಥಿಸುತ್ತೇವೆ.